ವರ್ಷದ ಮೆಂಬರ್‌ಶಿಪ್ ಬೇಡವೆಂದ ಕೃತಿಕಾ

ಕಡೂರು, ಜೂನ್ ೧೦, ಮಂಗಳವಾರ

ಕೃತಿಕಾ ಏನೋ ಮುಚ್ಚಿಡುತ್ತಿದ್ದಾಳೆ.

ಶಟಲ್ ಕೋರ್ಟಿನ ಓಂಕಾರೇಶ್ ಇವತ್ತು, "ದಿನಾ ದಿನಾ ದುಡ್ಡು ಯಾಕ್ ಕೊಡ್ತೀರ ಮೇಡಂ? ಇಬ್ರೂ ವರ್ಷದ ಮೆಂಬರ್‌ಶಿಪ್ ತಗೊಂಡ್ಬಿಡಿ, ಅರ್ಧಕ್ಕರ್ಧ ಉಳೀತದೆ" ಅಂದ. ನಾನು ಹೂಂ ಅನ್ನುವಷ್ಟರಲ್ಲಿ ಕೃತಿಕಾ, "ನೀನು ತಗೋ ಕಣೇ. ನಾನು ಆಡಿದ್ ದಿನ ಕೊಡ್ತೀನಿ" ಎಂದು ಶೂ ಲೇಸು ಕಟ್ಟಲು ಬಗ್ಗಿದಳು. ಲೇಸು ಬಿಚ್ಚಿರಲೇ ಇಲ್ಲ.

ಬ್ಯಾಂಕಿನವಳು, ಉಳಿತಾಯ ತಿಳಿಯದವಳಲ್ಲ. ಬೀರೂರಿನ ಶಾಖೆಗೆ ಬಂದು ಮೂರು ವರ್ಷವಾಯಿತು. ವರ್ಗವಾಗಿರಬೇಕು. ಕೇಳಿಯೇಬಿಟ್ಟೆ.

"ಥೂ, ಏನೇನೋ ಯೋಚ್ನೆ ಮಾಡ್ತೀಯಲ್ಲೇ!" ಎಂದು ನಕ್ಕಳು. ಇಲ್ಲ ಎನ್ನಲಿಲ್ಲ.

ಮದುವೆಯಾಗಿ ಈ ಊರಿಗೆ ಬಂದಮೇಲೆ ನನಗೆ ಸಿಕ್ಕ ಗೆಳತಿ ಅವಳೊಬ್ಬಳೇ. ಓಂಕಾರೇಶನಿಗೆ ನಾನೂ ಇವತ್ತಿನದನ್ನಷ್ಟೇ ಕೊಟ್ಟು ಬಂದೆ. ಅವಳಿಲ್ಲದಿದ್ದರೆ ಆ ಕೋರ್ಟಿನಲ್ಲಿ ವರ್ಷವಿಡೀ ನಾನು ಯಾರ ಜೊತೆ...