ತಮ್ಮನ ರಕ್ತ, ನನ್ನ ಹೆಸರು

ಜೂನ್ 9, ಸೋಮವಾರ

ಬೆಳಿಗ್ಗೆ ಸ್ಕೂಲ್ ವ್ಯಾನು ಎರಡು ಟ್ರಿಪ್. ಹೊನ್ನೂರಿನಿಂದ ಯಳಂದೂರು, ಮಕ್ಕಳನ್ನು ಸ್ಕೂಲಿಗೆ ಬಿಟ್ಟು ವಾಪಸ್. ಎಡಗಣ್ಣು ಇವತ್ತೂ ಮಂಜು. ವೈಪರ್ ಹಾಕಿದೆ — ಗಾಜು ಒಣಗಿಯೇ ಇತ್ತು. ಥೂ.

ಮಧ್ಯಾಹ್ನ ಕೊಳ್ಳೇಗಾಲ. ಕಣ್ಣಿನ ಡಾಕ್ಟರ್ ದೀಪ ಮೇಡಂ ಕಣ್ಣೊಳಗಿನ ಫೋಟೋ ಕಂಪ್ಯೂಟರಿನಲ್ಲಿ ತೋರಿಸಿದರು. ಕೆಂಪು ನೆಲದ ಮೇಲೆ ಜೋಳದ ನುಚ್ಚು ಚೆಲ್ಲಿದ ಹಾಗೆ ಹಳದಿ ಚುಕ್ಕೆ.

"ಒಂಬತ್ತು ವರ್ಷದ ಶುಗರ್ ಮಹದೇವಪ್ರಸಾದ್. ಕಣ್ಣಿನ ರಕ್ತನಾಳ ಸೋರ್ತಿದೆ. ರಕ್ತದಲ್ಲಿರೋ ಕೊಬ್ಬು ಬಂದು ಇಲ್ಲಿ ಕೂತಿದೆ. ನಡುಮಧ್ಯಕ್ಕೆ ಬಂದ್ರೆ ಗಾಡಿ ಓಡಿಸೋ ಹಾಗಿಲ್ಲ. ಖಾಲಿ ಹೊಟ್ಟೇಲಿ ಕೊಲೆಸ್ಟ್ರಾಲು, ಟ್ರೈಗ್ಲಿಸರೈಡು, ಶುಗರ್ರು ಟೆಸ್ಟ್ ಮಾಡಿಸ್ಕೊಂಡು ಬನ್ನಿ. ನೋಡಿ, ಗಾಡಿ ಓಡಿಸ್ಬೋದು ಅಂತ ಲೆಟರ್ ಕೊಡೋದಾ ಬೇಡ್ವಾ ಹೇಳ್ತೀನಿ."

ಸ್ಕೂಲಿನವರು ಲೆಟರ್ ಕೇಳಿರುವುದು ತಿಂಗಳ ಕೊನೆಯೊಳಗೆ. ಲೆಟರ್ ಇಲ್ಲದಿದ್ದರೆ ವ್ಯಾನ್ ಇಲ್ಲ. ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದವನು. ಬೇರೆ ಕೆಲಸ ಬರುವುದಿಲ್ಲ.

ಜೂನ್ 11, ಸಂಜೆ

ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಎರಡು ದಿನದಿಂದ ತುಪ್ಪ ಇಲ್ಲ, ಬೋಂಡ ಇಲ್ಲ. ಆದರೂ ಧೈರ್ಯ ಸಾಲದು.

ತಮ್ಮ ಬಸವೇಶನ ಗದ್ದೆಗೆ ಹೋದೆ. ಕಬ್ಬಿನ ಜಲ್ಲೆಯಂಥ ಮೈ. ಜ್ವರಕ್ಕೂ ಮಾತ್ರೆ ನುಂಗಿದವನಲ್ಲ.

"ಲೇ, ನನ್ ಹೆಸರು ಹೇಳಿ ನಿನ್ ರಕ್ತ ಟೆಸ್ಟಿಗೆ ಕೊಟ್ಟು ಬಾರ್ಲಾ."

ಮಿಕಮಿಕ ನೋಡಿದ. "ಆಯ್ತು ಬುಡಣ್ಣ, ಓಯ್ತೀನಿ."

ಅಷ್ಟು ಬೇಗ ಒಪ್ಪಿಕೊಂಡನಲ್ಲ... ನಾಚಿಕೆಯಾಯಿತು. ಆದರೂ ಬೇಡ ಬಿಡು ಅನ್ನಲಿಲ್ಲ.

ಜೂನ್ 13, ಶುಕ್ರವಾರ, ಸಂಜೆ 5

ಫೋನಿಗೆ ರಿಪೋರ್ಟ್ ಬಂತು. ಟ್ರೈಗ್ಲಿಸರೈಡ್ 468. ಕೆಟ್ಟ ಕೊಲೆಸ್ಟ್ರಾಲ್ 190. ಶುಗರ್ 286. ಎಲ್ಲವೂ ದಪ್ಪ ಅಕ್ಷರದಲ್ಲಿ. ಮೇಲೆ ನನ್ನ ಹೆಸರು.

ಮೊದಲು ಬಂದದ್ದು ಸಿಟ್ಟು. ದರಿದ್ರದವನು, ನನ್ನ ಕೆಲಸಕ್ಕೇ ಕಲ್ಲು ಹಾಕಿದ ಅಂತ. ಆಮೇಲೆ ಹೊಳೆಯಿತು. ಈ ನಂಬರೆಲ್ಲ ಅವನ ಮೈಯೊಳಗಿನವು.

ಅಷ್ಟರಲ್ಲಿ ಅವನದೇ ಫೋನ್. "ಏನಾಯ್ತಣ್ಣ? ರಕ್ತ ಪಾಸಾ?"

"ಪಾಸ್ ಕಣ್ಲಾ."

ಯಾಕೆ ಹಾಗಂದೆನೋ! ಅವನ ಹೆಂಡತಿ ಕೋಮಲ ಪಕ್ಕದಲ್ಲೇ ಇದ್ದಳು, ದನಿ ಕೇಳಿಸಿತು. ಅವಳಿಗೆ ಗೊತ್ತಾದರೆ ನನ್ನ ಮೋಸ ಊರಿಗೆ ಗೊತ್ತು, ಊರಿಗೆ ಗೊತ್ತಾದರೆ ಸ್ಕೂಲಿಗೂ. ನಾಳೆ ಹೇಳಿದರಾಯಿತು.

ಜೂನ್ 14

ಹೇಳಲಿಲ್ಲ.

ಜೂನ್ 17

ಅವನ ಮನೆಗೆ ಹೋದೆ. ಕಾಫಿ ಕುಡಿದೆ. ಮಳೆ ವಿಚಾರ ಮಾತಾಡಿದೆ. ಎದ್ದು ಬಂದೆ. ಅವನು ಕಾಫಿಗೆ ಇನ್ನೂ ಎರಡು ಚಮಚ ಸಕ್ಕರೆ ಹಾಕಿಸಿಕೊಂಡ. ನೋಡುತ್ತ ಕೂತಿದ್ದೆ. ಹೇಡಿ ನಾನು.

ಜೂನ್ 24, ಮಂಗಳವಾರ

ಎಡಗಡೆಯಿಂದ ಬಂದ ಸೈಕಲ್ಲು ಕಾಣಲೇ ಇಲ್ಲ. ಮಕ್ಕಳು ಕಿರುಚಿದ ಮೇಲೆ ಬ್ರೇಕ್. ಗೇಣು ಉಳಿದಿತ್ತು. ಸೈಕಲ್ಲಿನವನು ಬೈದು ಹೋದ.

ವ್ಯಾನಿನ ಕೀ ಹೆಡ್‌ಮಾಸ್ಟರ ಟೇಬಲ್ ಮೇಲಿಟ್ಟೆ. "ಕಣ್ಣು ಸರಿಯಿಲ್ಲ ಸಾ. ಬೇರೆಯವರನ್ನ ನೋಡ್ಕಳಿ." ಅಲ್ಲಿಂದ ಸೀದಾ ಬಸವೇಶನ ಮನೆ. ಕೂರಲಿಲ್ಲ. ಕೋಮಲಳ ಎದುರಿಗೇ ನಿಂತು ಎಲ್ಲ ಹೇಳಿದೆ, ರಿಪೋರ್ಟ್ ತೋರಿಸಿದೆ.

ಬಸವೇಶ ಫೋನನ್ನು ಬಲಗಣ್ಣಿನ ಹತ್ತಿರ ಹಿಡಿದು ನೋಡಿದ. ಬಲಗಣ್ಣಿಗೆ ಮಾತ್ರ.

"ಎಡಗಣ್ಣು ಯುಗಾದಿಯಿಂದ ಮಸುಕು ಕಣಣ್ಣ. ಆಸ್ಪತ್ರೆ ಅಂದ್ರೆ ಭಯ. ನಿನ್ ಹೆಸರಲ್ಲಾದ್ರೂ ನನ್ ಕಾಯ್ಲೆ ಗೊತ್ತಾಗ್ಲಿ ಅಂತಾನೇ ಒಪ್ಕಂಡೆ. ನೀ ಪಾಸ್ ಅಂದ್ಯಲ್ಲ... ಅವತ್ತಿಂದ ನೆಮ್ಮದಿಯಾಗಿ ಉಣ್ತಾ ಇವ್ನಿ."

ಕೋಮಲ ನನ್ನ ಮುಖ ನೋಡಲಿಲ್ಲ. ಎದ್ದು ಒಳಗೆ ಹೋದಳು.

ಜೂನ್ 25, ಬೆಳಿಗ್ಗೆ 7.40

ಕೊಳ್ಳೇಗಾಲದ ಬಸ್ಸು. ಇಬ್ಬರೂ ಖಾಲಿ ಹೊಟ್ಟೆ, ಇಬ್ಬರದೂ ಟೆಸ್ಟ್ — ಅವರವರ ಹೆಸರಿನಲ್ಲೇ. ಬೈಯಲಿ ಅಂತ ಕಾಯುತ್ತಿದ್ದೇನೆ. ಬೈಯುತ್ತಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ಕೇಳಿದ — "ಅಣ್ಣ, ಹನ್ನೊಂದು ದಿನ ತಡವಾಗಿದ್ದಕ್ಕೆ ಏನೂ ಆಗಿರಕಿಲ್ಲ ಅಲ್ವಾ?"

ಇಲ್ಲ ಕಣ್ಲಾ ಅನ್ನಲು ಬಾಯಿ ತೆರೆದೆ. ಮತ್ತೆ ಅದೇ ಸುಳ್ಳು — ಬೇಡ. "ಗೊತ್ತಿಲ್ಲ ಕಣ್ಲಾ, ಡಾಕ್ಟರನ್ನೇ ಕೇಳಾನ" ಅಂದೆ.