ಮೊದಲನೆಯ ಮೇಣ

ಶ್ರೀ

ಹಾನಗಲ್ಲ
ತಾ. ೯ ಜುಲೈ ೧೯೪೪

ಚಿ. ಸೌ. ಶಂಕ್ರವ್ವಗೆ,

ಇಲ್ಲಿ ಆಶೀರ್ವಾದ ಎಂದು ಬರೆಯುವುದು ಪದ್ಧತಿ. ಅದನ್ನು ಬರೆಯುವ ಮೋರೆ ನನಗಿಲ್ಲ, ಆದ್ದರಿಂದ ಕ್ಷೇಮವೇ ಎಂದಷ್ಟೇ ಕೇಳುತ್ತೇನೆ. ನೀನು ಮಗಳನ್ನು ಕರೆದುಕೊಂಡು ಅಬಲೂರಿಗೆ, ನಿನ್ನಕ್ಕನ ಮನೆಗೆ ಹೋಗಿ ಆರು ವರ್ಷವಾಯಿತು. ಈ ಆರು ವರ್ಷದಲ್ಲಿ ನಾನು ಬರೆದದ್ದು ಮೂರು ಕಾರ್ಡು, ಮೂರರಲ್ಲಿಯೂ ಮಳೆ ಬೆಳೆಯ ಸುದ್ದಿ. ಹಾರ್ಮೋನಿಯಂ ಪೇಟಿ ಬಾರಿಸುವವನಿಗೆ ಮಳೆ ಬೆಳೆಯ ಉಸಾಬರಿ ಯಾಕೆ ಎಂದು ನೀನು ನಕ್ಕಿರಬೇಕು. ಹೇಳಬೇಕಾದ ಸುದ್ದಿ ಬೇರೆಯೇ ಇತ್ತು, ಬರೆಯಲು ಧೈರ್ಯವಿರಲಿಲ್ಲ.

ಯುಗಾದಿಯ ಮುಂದೆ ಶೇಖಸಾಬ ಬಂದಿದ್ದ. ನಮ್ಮ ಜೊತೆ ತಬಲಾ ಬಾರಿಸುತ್ತಿದ್ದವನು ಈಗ ಸವಣೂರಿನಿಂದ ವೀಳ್ಯದೆಲೆಯ ಪೆಂಡಿ ಹೇರಿಕೊಂಡು ಹಿರೇಕೆರೂರಿನ ಸಂತೆಗೆ ಹೋಗುತ್ತಾನೆ. ಅಲ್ಲಿ ನಿನ್ನಕ್ಕನ ಗಂಡ ಮಾಳಪ್ಪ ಸಿಕ್ಕು ಒಂದು ಮಾತು ಹೇಳಿದನಂತೆ. ನಮ್ಮ ಮಂಜವ್ವ ಶಾಲೆಯಲ್ಲಿ ಹಾಡಿದಳು, ಹಾವೇರಿಯ ಸಂಗೀತ ಜಲಸಾಕ್ಕೆ ಕಳಿಸಿರಿ ಎಂದು ಮಾಸ್ತರರು ಮನೆತನಕ ಬಂದರು, ನೀನು ಬಾಗಿಲಲ್ಲೇ ನಿಂತು ಬೇಡವೆಂದೆ. ಅಷ್ಟಕ್ಕೇ ಬಿಡದೆ ಮಗಳಿಗೂ ಹೇಳಿದೆಯಂತೆ: "ಹಾಡಬ್ಯಾಡವಾ. ನಮ್ಮ ಗಂಟಲ ಎಂಥಾದ್ದಂತ ಮಷೀನ ತೋರಿಸೇತಿ." ನಿನ್ನ ಬಾಯಿ ಮುಚ್ಚಿಸಿದ್ದು ಸಾಲದೆಂದು ಮಗಳ ಬಾಯಿಗೂ ನಾನೇ ಅರಿವೆ ತುರುಕಿದಂತಾಯಿತು. ಮಷೀನು ಏನೂ ತೋರಿಸಿಲ್ಲ, ಶಂಕ್ರವ್ವಾ. ತೋರಿಸಗೊಡದೆ ಇದ್ದವನು ನಾನು.

ಎಂಟು ವರ್ಷದ ಹಿಂದೆ ಗ್ರಾಮೋಫೋನ್ ಕಂಪನಿಯವರು ನಮ್ಮ ಹಾಡು ತುಂಬಿಕೊಂಡ ಹುಬ್ಬಳ್ಳಿಯ ಆ ಬಂಗಲೆ ನೆನಪಿದೆಯೇ? ಗೋಡೆಗೆಲ್ಲ ಕಂಬಳಿ ಹೊದಿಸಿ, ಕಿಟಕಿಗೆ ಹಲಗೆ ಬಡಿದು, ಬೇಸಿಗೆಯಲ್ಲಿ ನಮ್ಮನ್ನು ಬೇಯಿಸಿದರು. ಬೆಣ್ಣೆಯ ಬಣ್ಣದ ದಪ್ಪ ಮೇಣದ ಬಿಲ್ಲೆ ತಿರುಗುವಾಗ ಸೂಜಿ ನಮ್ಮ ದನಿಯನ್ನು ಅದರಲ್ಲಿ ಕೊರೆಯುತ್ತದೆ, ಸೀನಿದರೆ ಸೀನೂ ಅಚ್ಚಾಗುತ್ತದೆ ಎಂದು ಹೆದರಿಸಿದ್ದರು. ಶೇಖಸಾಬ ಮೂಗು ಹಿಡಿದುಕೊಂಡೇ ಒಳಗೆ ಬಂದ. ನಿನ್ನವ್ವ ಕಲಿಸಿದ ತೊಟ್ಟಿಲ ಪದವನ್ನು ನೀನು ಎರಡು ಸಲ ಹಾಡಿದೆ, ಎರಡು ಮೇಣಕ್ಕೆ. ಮೊದಲನೆಯದರಲ್ಲಿ ನಿನ್ನ ದನಿ ಏರಿದಾಗ, ಗೆರೆ ಒಂದರೊಳಗೊಂದು ನುಗ್ಗಿ ಕೆಡುತ್ತದೇನೋ ಎಂದು ಕಂಪನಿಯ ಸಾಹೇಬನಿಗೆ ಅಂಜಿಕೆ ಬಂತು. ಎರಡನೆಯದಕ್ಕೆ ನಿನ್ನನ್ನು ಮೈಕಿನಿಂದ ನಾಲ್ಕು ಹೆಜ್ಜೆ ಹಿಂದೆ ನಿಲ್ಲಿಸಿದ. ನನ್ನ ಪೇಟಿ ಮಾತ್ರ ಇದ್ದಲ್ಲೇ ಇತ್ತು. ಮೇಣವನ್ನು ಅಲ್ಲಿಯೇ ಕೇಳಿ ನೋಡುವಂತಿರಲಿಲ್ಲ, ಕೇಳಿದರೆ ಅದು ಕೆಟ್ಟುಹೋಗುತ್ತದೆ. ಕಾರಖಾನೆಯಲ್ಲಿ ಅಚ್ಚು ತೆಗೆದು, ನಮೂನೆಯ ಪ್ಲೇಟು ಒತ್ತಿ ಕಳಿಸುವ ತನಕ ಕಾಯಬೇಕಾಯಿತು.

ನಮೂನೆ ಬಂದ ದಿನ ನೀನು ತಡಸಕ್ಕೆ ಲಗ್ನಕ್ಕೆ ಹೋಗಿದ್ದೆ. ಮೊದಲನೆಯ ಪ್ಲೇಟು ಹಾದಿಯಲ್ಲಿ ಒಡೆದು ಬಂತು, ಉಳಿದದ್ದು ಎರಡನೆಯದೊಂದೇ ಎಂದು ನಿನಗೆ ಹೇಳಿದೆನಲ್ಲ, ಅದು ಸುಳ್ಳು. ಎರಡೂ ನೆಟ್ಟಗೆ ಬಂದಿದ್ದವು. ಮೊದಲನೆಯದರಲ್ಲಿ ಗೆರೆ ಎಲ್ಲಿಯೂ ಕೆಟ್ಟಿರಲಿಲ್ಲ. ನಿನ್ನ ದನಿ ಹೇಗಿತ್ತೆಂದರೆ, ನೀನು ಅಡಿಗೆ ಮನೆಯಲ್ಲೇ ಇದ್ದೀಯೆಂದು ನಾನು ತಿರುಗಿ ನೋಡಿದೆ. ಆದರೆ ಎರಡನೆಯ ಚರಣದಲ್ಲಿ ನನ್ನ ಬೆರಳು ಪಕ್ಕದ ಪಟ್ಟಿಯ ಮೇಲೆ ಬಿದ್ದು ಒಂದು ಅಪಸ್ವರ ಹೊರಟಿತ್ತು. ಎರಡನೆಯ ಪ್ಲೇಟಿನಲ್ಲಿ ಪೇಟಿಯಲ್ಲಿ ತಪ್ಪು ಹುಡುಕುವಂತಿರಲಿಲ್ಲ, ನೀನು ಮಾತ್ರ ಕಾಳು ತುಂಬುವ ಹಗೇವಿನೊಳಗೆ ನಿಂತು ಹಾಡಿದ ಹಾಗಿತ್ತು. ಯಾವುದನ್ನು ಒತ್ತಬೇಕೆಂದು ತಿಳಿಸಿರಿ ಎಂದು ಕಂಪನಿಯ ಹುಬ್ಬಳ್ಳಿ ಏಜಂಟರು ಬರೆದಿದ್ದರು. ನಾನು ಎರಡನೆಯದೆಂದು ಬರೆದು ಅದೇ ದಿನ ಟಪಾಲಿಗೆ ಹಾಕಿದೆ.

ಯಾಕೆಂದು ನೀನು ಕೇಳುತ್ತೀ. ನಾಟಕದಲ್ಲಿ ತಪ್ಪಿದರೆ ಅದು ಆ ಹೊತ್ತಿಗೇ ಮುಗಿಯಿತು. ಪ್ಲೇಟಿನಲ್ಲಿ ತಪ್ಪಿದರೆ ಊರೂರ ಹೊಟೇಲಿನಲ್ಲಿ, ನಾನು ಸತ್ತ ಮೇಲೂ, ಹೂವಪ್ಪ ಮಾಸ್ತರ ಅಲ್ಲಿಯೇ ತಪ್ಪುತ್ತಿರುತ್ತಾನೆ. ಈ ವಿಚಾರ ತಲೆಯಲ್ಲಿ ಹೊಕ್ಕು ಕುಂತುಬಿಟ್ಟಿತು. ನೀನು ಲಗ್ನದಿಂದ ಬಂದವಳು ಪ್ಲೇಟು ಒಡೆದದ್ದಕ್ಕೆ ನನ್ನನ್ನೇ ಸಮಾಧಾನ ಮಾಡಿದೆ, ಹೋಗಲಿ ಬಿಡಿ, ಇನ್ನೊಂದು ಇದೆಯಲ್ಲ ಎಂದೆ. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಮುಂದಿನದು ನಿನಗೇ ಗೊತ್ತು. ನಾವಿಬ್ಬರೂ ಶಿಗ್ಗಾಂವಿಯಲ್ಲಿ ಮೋಟಾರಿಗೆ ಕಾಯುತ್ತಿದ್ದಾಗ ಎದುರಿನ ಹೊಟೇಲಿನವನು ನಮ್ಮ ಪ್ಲೇಟು ಹಚ್ಚಿದ. ಚಹಾ ಕುಡಿಯುತ್ತಿದ್ದವನೊಬ್ಬ, ಪೇಟಿಯೇನೋ ಚಲೋ ಇದೆ, ಹಾಡುವಾಕೆ ನಾಲ್ಕು ದಿನದಿಂದ ಉಂಡಿಲ್ಲೇನು ಎಂದ. ಜನ ನಕ್ಕರು. ನೀನು ಸೆರಗು ಸರಿಮಾಡಿಕೊಂಡು ಮೋಟಾರು ಹತ್ತಿದೆ. ಬಂಕಾಪುರ ದಾಟಿದ ಮೇಲೆ, "ಮಷೀನ ಸುಳ್ಳ ಹೇಳೂದಿಲ್ಲ ಬಿಡ್ರಿ" ಎಂದೆ. ಅಂದಿನಿಂದ ನೀನು ಹಾಡಲಿಲ್ಲ. ಪೇಟಿಯ ಮುಂದೆ ಕುಳಿತು ಕರೆದರೆ ನೀವೇ ಬಾರಿಸಿರಿ ಎನ್ನುತ್ತಿದ್ದೆ. ನಿನ್ನ ಮೌನ ನನ್ನನ್ನು ಚುಚ್ಚುತ್ತಿತ್ತು, ಅದಕ್ಕೆ ನಿನ್ನ ಮೇಲೆಯೇ ಹರಿಹಾಯುತ್ತಿದ್ದೆ. ಕಳ್ಳ ನಾನು, ಬೈಸಿಕೊಂಡವಳು ನೀನು. ಎರಡು ವರ್ಷ ತಾಳಿಕೊಂಡು ಆಮೇಲೆ ನೀನು ಹೋದದ್ದು ಸರಿಯಾಗಿಯೇ ಇತ್ತು.

ಈಗ ಏನು ಮಾಡಿದ್ದೇನೆಂದು ಕೇಳು. ಶೇಖಸಾಬ ಸುದ್ದಿ ಹೇಳಿದ ಮರುದಿನವೇ ಹುಬ್ಬಳ್ಳಿಗೆ ಹೋಗಿ ಏಜಂಟರ ಮುಂದೆ ನಿಂತೆ. ಅವರು ಕಾರಖಾನೆಗೆ ಬರೆದು ವಿಚಾರಿಸಿದರು. ಮೊದಲನೆಯ ಮೇಣದಿಂದ ತೆಗೆದ ತಾಮ್ರದ ಅಚ್ಚು ಇನ್ನೂ ಅಲ್ಲಿದೆಯಂತೆ, ಆದರೆ ಬಳಸದ ಅಚ್ಚುಗಳನ್ನೆಲ್ಲ ದೀಪಾವಳಿಯ ಹೊತ್ತಿಗೆ ಕರಗಿಸುತ್ತಾರಂತೆ. ಯುದ್ಧದ ಕಾಲ, ಪ್ಲೇಟು ಮಾಡುವ ಅರಗೂ ಸಿಗುವುದಿಲ್ಲ. ಹಳೆಯ ಪ್ಲೇಟು ತಂದುಕೊಟ್ಟರೆ ಅವನ್ನು ಅರೆದು, ಅದೇ ಅರಗಿನಿಂದ ಹೊಸದನ್ನು ಒತ್ತಿಕೊಡುತ್ತೇವೆ ಎಂದರು.

ಹಾಗಾಗಿ ಮೂರು ತಿಂಗಳಿಂದ ನನ್ನ ಕೆಲಸ ಇದೇ. ಅರೆಯುವುದಾದರೆ ಅದನ್ನೇ ಅರೆಯಲಿ ಎಂದು, ನಮ್ಮ ಆ ಎರಡನೆಯ ಪ್ಲೇಟು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಹೋಗಿ ಬೇಡಿಕೊಂಡು ಬರುತ್ತೇನೆ. ಪೇಟಿ ಮಾಸ್ತರನಿಗೆ ತಲೆ ಕೆಟ್ಟಿದೆ ಎಂದು ಹಾನಗಲ್ಲಿನ ಜನ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಮೂವತ್ತೊಂದು ಸಿಕ್ಕಿವೆ. ಸವಣೂರಿನ ಬಿಬಿಜಾನ ಎಂಬ ಮುದುಕಿ ಮಾತ್ರ ಕೊಡಲಿಲ್ಲ. ಅವಳ ಮೊಮ್ಮಗನಿಗೆ ತಾಯಿಯಿಲ್ಲ. "ಈ ಹಾಡ ಹಚ್ಚಲಿಲ್ಲಂದ್ರ ಕೂಸು ಮಲಗೂದಿಲ್ರಿ ಮಾಸ್ತರ. ಎಷ್ಟ ಬೇಡಿದ್ರೂ ನಾ ಕೊಡಾಕಿ ಅಲ್ಲ" ಎಂದಳು. ನಾಲ್ಕು ಹೆಜ್ಜೆ ಹಿಂದೆ ನಿಲ್ಲಿಸಿದರೂ ನಿನ್ನ ದನಿ ಆ ತೊಟ್ಟಿಲವರೆಗೆ ಹೋಗಿ ಮುಟ್ಟಿತ್ತು. ನಾನು ಅವರ ಕಟ್ಟೆಯ ಮೇಲೆ ಕುಳಿತು ಅತ್ತುಬಿಟ್ಟೆ. ಅವಳು ನೀರು ಕೊಟ್ಟಳು, ಪ್ಲೇಟು ಕೊಡಲಿಲ್ಲ.

ಹೋದ ಸಲ ನಿನ್ನನ್ನು ಕೇಳದೆ ಬರೆದವನು ನಾನು. ಈ ಸಲ ಹಾಡಿದವಳ ಸಹಿಯಿಲ್ಲದೆ ಒತ್ತಬೇಡಿರಿ ಎಂದು ಏಜಂಟರಿಗೆ ಹೇಳಿ ಬಂದಿದ್ದೇನೆ. ನೀನು ಸಹಿ ಮಾಡಬೇಕಾದ ಕಾಗದ ಇದರ ಜೊತೆಗಿದೆ. ಇಷ್ಟು ವರ್ಷ ಬಚ್ಚಿಟ್ಟಿದ್ದ ಮೊದಲನೆಯ ಮೇಣದ ನಮೂನೆಯನ್ನು ಟಪಾಲಿಗೆ ಹಾಕಿದರೆ ನನ್ನ ಹಳೆಯ ಸುಳ್ಳು ನಿಜವಾದೀತೆಂದು, ಶೇಖಸಾಬನ ಕೈಯಲ್ಲಿ ಎಲೆಯ ಪೆಂಡಿಯ ನಡುವೆ ಇಟ್ಟು ಕಳಿಸಿದ್ದೇನೆ. ಹಿರೇಕೆರೂರಿನ ಗುದ್ಲೆಪ್ಪನವರ ಅರಿವೆ ಅಂಗಡಿಯಲ್ಲಿ ಪ್ಲೇಟು ಹಚ್ಚುವ ಮಷೀನು ಇದೆ. ಕೀಲಿ ಪೂರ್ತಿ ಕೊಡಲಿ, ಸೂಜಿ ಹೊಸದನ್ನು ಹಾಕಲಿ. ಸವೆದ ಸೂಜಿ ಗೆರೆಯನ್ನು ತಿನ್ನುತ್ತದೆ.

ಮಂಜವ್ವನನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡು ಕೇಳು. ಈ ಪತ್ರವನ್ನೂ ಅವಳು ಓದಲಿ. ಅಪ್ಪ ಎಂಥವನೆಂದು ತಿಳಿದರೂ ಚಿಂತೆಯಿಲ್ಲ, ಅವ್ವ ಹೇಗೆ ಹಾಡುತ್ತಿದ್ದಳೆಂದು ತಿಳಿಯಬೇಕು. ಸಹಿ ಮಾಡುವುದು ಬಿಡುವುದು ನಿನ್ನ ಮನಸ್ಸು, ಮಗಳನ್ನು ಮಾತ್ರ ತಡೆಯಬೇಡ. ಮನೆಗೆ ಬಾ ಎಂದು ಕೇಳುವ ಹಕ್ಕು ನನಗಿಲ್ಲ. ಆಸೆಯಿದೆ. ಇಷ್ಟೆಲ್ಲ ಬಿಚ್ಚಿಟ್ಟ ಮೇಲೆ ಅದೊಂದನ್ನು ಯಾಕೆ ಮುಚ್ಚಿಡಲಿ?

ನಿನಗೆ ತಪ್ಪು ಮಾಡಿದ,
ಹೂವಪ್ಪ

ತಾ. ಕ.: ಕಳಿಸುವ ಮುಂಚೆ ಶೇಖಸಾಬನಿಗೆ ಈ ಪ್ಲೇಟನ್ನು ಕೇಳಿಸಿದೆ. ಅವನು ಕೇಳಿದ್ದು ಇದೇ ಮೊದಲು. ನಾನು ಮಾಡಿದ್ದನ್ನೆಲ್ಲ ಹೇಳಿ, ಪೇಟಿ ಎಲ್ಲಿ ತಪ್ಪಿದೆ ಹೇಳು ಎಂದೆ. ಕಣ್ಣೊರೆಸಿಕೊಂಡು ಇನ್ನೊಮ್ಮೆ ಹಚ್ಚಿಸಿದ. ಆಮೇಲೆ ನನ್ನ ಮೋರೆ ನೋಡಿ, "ಪೇಟಿ ಯಾರ ಕೇಳಾಕತ್ತಿದ್ರೋ ಹೂವಪ್ಪಾ?" ಅಂದ.