ಒಲ್ಲೆ ಎನ್ನುವ ಗಿಡ

ಗದುಗಿನ ಕೆಳಗಣ ಗೂಡುಸಾಲು
ಹದಿಮೂರನೆಯ ತಿಂಗಳ ಮೂವತ್ತೈದನೆಯ ದಿನ, ೨೪೧೨

ಟಿ.ವಿ. ಪಕ್ಕದಲ್ಲಿ ಪಾಮ್ ಗಿಡ ಇಟ್ಟುಕೊಂಡಿರುವ ಹಿರಿಯರಿಗೆ ನೀಲಾಂಬಿಕೆಯ ಶರಣು.

ತಾರೀಖು ನೋಡಿ ಹುಬ್ಬೇರಿಸಬೇಡಿ. ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸದೇ ಹೋದಾಗ ನಮ್ಮವರು ಮೂವತ್ತೈದು ದಿನಗಳ ಇನ್ನೊಂದನ್ನು ಸೇರಿಸಿಕೊಂಡರು. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸೀತು, ಮನ್ನಿಸಿ. ನಿಮ್ಮ ಕನ್ನಡವೂ ನನಗೆ ಹಾಗೆಯೇ ಕೇಳುತ್ತದೆ. ನಿಮ್ಮ ಗಿಡದ ಬುಡದಲ್ಲಿ ಹುಟ್ಟಿದ ಮರಿ, ಆ ಮರಿಯ ಮರಿ, ಹೀಗೆ ಕೈಯಿಂದ ಕೈಗೆ ಬಂದು ಈಗ ನಮ್ಮ ಮನೆಯಲ್ಲಿದೆ. ಅದಕ್ಕೇ ಈ ಪತ್ರ.

ಗೂಡುಸಾಲು ಎಂದರೆ ಬಂಡೆ ಕೊರೆದು ಒಂದರ ಮೇಲೊಂದು ಕಟ್ಟಿಕೊಂಡ ಮನೆಗಳು. ಮೇಲೆ ಬಿಸಿಲಿಗೆ ಇರಲಾಗದು. ಬೆಳಕು ಗಾಜಿನ ಕೊಳವೆಯಲ್ಲಿ ಇಳಿದು ಬರುತ್ತದೆ, ಅದನ್ನು ಬೆಳಕುಗಿಂಡಿ ಅನ್ನುತ್ತೇವೆ. ಪಾಮ್ ಅನ್ನು ನೇರ ಅದರ ಕೆಳಗಿಟ್ಟರೆ ಗರಿ ಸುಡುತ್ತದೆ, ತೀರಾ ದೂರವಿಟ್ಟರೆ ಬಡವಾಗುತ್ತದೆ. ಹಾಗಾಗಿ ಒಂದು ಮಾರು ಈಚೆಗಿಟ್ಟು, ಒಂದೇ ಕಡೆ ವಾಲದಂತೆ ಆಗಾಗ ಕುಂಡ ತಿರುಗಿಸುತ್ತೇವೆ. ಗರಿಯ ಮೇಲಿನ ಕಲ್ಲುಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸುವುದು ನನ್ನ ಗಂಡ ಮಹಾಂತನ ಕೆಲಸ. ಮಗುವಿನ ಮೂಗು ಒರೆಸಿದ ಹಾಗೆ ಒರೆಸುತ್ತಾನೆ, ನೋಡಿದರೆ ನಗು ಬರುತ್ತದೆ.

ನೀರಿನ ವಿಷಯ ಬೇರೆ. ಬೆಳಿಗ್ಗೆ ಪ್ರತಿಯೊಬ್ಬರಿಗೂ ಒಂದು ತಂಬಿಗೆ ಬರುತ್ತದೆ, ಅದು ಪಾಲುನೀರು. ಅದರಲ್ಲಿ ಒಂದು ಗುಟುಕು ಇನ್ನೊಬ್ಬರಿಗೆ ಕೊಡುವುದೇ ನಮ್ಮಲ್ಲಿ ದೊಡ್ಡ ಮರ್ಯಾದೆ. ಕೊಟ್ಟ ನೀರನ್ನು ಒಲ್ಲೆ ಅನ್ನುವಂತಿಲ್ಲ. ಅಂದರೆ ಸಂಬಂಧ ಮುರಿದಂತೆ. ನಮ್ಮ ಅತ್ತೆ ಗುರುಬಾಯಿ ಈ ಮರ್ಯಾದೆಯಲ್ಲಿ ಎತ್ತಿದ ಕೈ. ಬಂದವರಿಗೆ, ಹೋದವರಿಗೆ, ಆಡುವ ಮಕ್ಕಳಿಗೆ ಹಂಚಿ, ಉಳಿದದ್ದನ್ನು ಪಾಮ್ ಬುಡಕ್ಕೆ ಸುರಿಯುತ್ತಿದ್ದರು. ತಾವು ನಾಲಿಗೆ ಒದ್ದೆ ಮಾಡಿಕೊಂಡರೆ ಹೆಚ್ಚು. ಅವರನ್ನು ನೋಡಿ ಬಂದವರೂ ಗಿಡಕ್ಕೆ ಒಂದೊಂದು ಗುಟುಕು ಹಾಕತೊಡಗಿದರು.

ಗರಿಗಳು ಹಳದಿಯಾದವು. ಪಾಪ ಬಾಯಾರಿದೆ ಎಂದು ಅತ್ತೆ ಇನ್ನಷ್ಟು ಸುರಿದರು. ಅವರ ತುಟಿ ಒಡೆದಿತ್ತು, ಎದ್ದರೆ ತಲೆ ತಿರುಗುತ್ತಿತ್ತು. ನಾವು ನಮ್ಮ ಪಾಲು ಕೊಟ್ಟರೆ ಒಲ್ಲೆ ಅನ್ನದೆ ಇಸಿದುಕೊಂಡು, ನಾವು ಅತ್ತ ಹೋದ ಕೂಡಲೇ ಅದನ್ನೂ ಗಿಡಕ್ಕೇ ಸುರಿಯುತ್ತಿದ್ದರು. ಗಿಡ ನೀರು ಹೆಚ್ಚಾಗಿ, ಅತ್ತೆ ನೀರಿಲ್ಲದೆ, ಇಬ್ಬರೂ ಒಟ್ಟಿಗೆ ಸೊರಗುತ್ತಿದ್ದರು. ನನಗಂತೂ ತಲೆ ಕೆಟ್ಟುಹೋಯಿತು. ಹೀಗೇ ಬಿಟ್ಟರೆ ಅತ್ತೆ ಉಳಿಯುವುದಿಲ್ಲ ಎಂದು ಭಯವೂ ಆಯಿತು.

ಕೊನೆಗೆ ಅವರ ಎದುರೇ ಕುಂಡ ಬೋರಲು ಹಾಕಿದೆ. ಬೇರುಗಳು ಕಪ್ಪಾಗಿ ಕೊಳೆತು ನಾರುತ್ತಿದ್ದವು. ಅಯ್ಯ ಶಿವನೇ, ನನ್ನ ಕೈಯಾರೆ ಕೊಂದ್ನಲ್ಲವ್ವಾ ಎಂದು ಅತ್ತೆ ಸೆರಗು ಬಾಯಿಗಿಟ್ಟು ಅತ್ತರು. ಗಟ್ಟಿ ಬೇರಿನ ಮರಿ ಒಂದೇ ಉಳಿದಿತ್ತು. ಕೊಳೆತದ್ದನ್ನು ಕತ್ತರಿಸಿ ತೆಗೆದು, ತಳದಲ್ಲಿ ತೂತಿರುವ ಸಣ್ಣ ಕುಂಡಕ್ಕೆ ಮರಳು ಬೆರೆಸಿದ ಮಣ್ಣು ತುಂಬಿ, ಆ ಮರಿಯನ್ನು ನೆಟ್ಟು ಅತ್ತೆಯ ಹಾಸಿಗೆ ಪಕ್ಕ ಇಟ್ಟೆ. ಅತ್ತೇ, ದಿನಾ ಮಣ್ಣಿಗೆ ಬೆರಳು ಊರಿ ನೋಡಿರಿ, ಮಣ್ಣು ಅಂಟಿಕೊಂಡರೆ ಗಿಡ ಒಲ್ಲೆ ಅಂದಂತೆ. ಗಿಡ ಒಲ್ಲೆ ಅಂದ ನೀರನ್ನು ಬೇರೆಯವರಿಗೆ ಕೊಡಬಾರದು, ಕೊಡಬಂದವರೇ ಕುಡಿಯಬೇಕು ಎಂದೆ. ಅಂಥ ನಿಯಮ ಎಲ್ಲೂ ಇರಲಿಲ್ಲ, ನಿಂತ ಕಾಲ ಮೇಲೆ ನಾನೇ ಹುಟ್ಟಿಸಿದ್ದು.

ಅತ್ತೆ ನಂಬಿದರೋ, ನಂಬಿದ ಹಾಗೆ ಮಾಡಿದರೋ ತಿಳಿಯದು. ಬೆಳಿಗ್ಗೆ ಬೆರಳು ಊರುತ್ತಾರೆ. ಒಲ್ಲೆ ಅಂತೈತಿ ನೋಡು, ಏನ್ ಸೊಕ್ಕು ಇದಕ್ಕ ಎಂದು ಗಿಡವನ್ನು ಬೈದು, ತಂಬಿಗೆ ಎತ್ತಿ ಗಟಗಟ ಕುಡಿಯುತ್ತಾರೆ. ಇಡೀ ಗೂಡುಸಾಲಿನಲ್ಲಿ ಅವರಿಗೆ ಒಲ್ಲೆ ಅನ್ನಬಲ್ಲ ಜೀವ ಅದೊಂದೇ. ಈಗ ಗೋಡೆ ಹಿಡಿಯದೆ ಅಡುಗೆಮನೆಯ ತನಕ ಬರುತ್ತಾರೆ. ಮೊನ್ನೆ ಮರಿಯ ನಡುವೆ ಹೊಸ ಗರಿಯ ಮೊನೆಯೂ ಕಂಡಿತು.

ಇನ್ನು ನನ್ನ ಕೋರಿಕೆ. ನೀವು ಈಗ ಲೋಟ ಹಿಡಿದು ನಿಮ್ಮ ಗಿಡದ ಮುಂದೆ ನಿಂತಿದ್ದರೆ ಸ್ವಲ್ಪ ತಡೆಯಿರಿ. ಮೊದಲು ಬೆರಳು ಊರಿ ನೋಡಿ. ಪ್ರೀತಿ ಹೆಚ್ಚಾಗಿ ಅದು ನಿಮ್ಮ ಕೈಯಲ್ಲೇ ಸತ್ತರೆ, ಇಲ್ಲಿ ನಮ್ಮ ಅತ್ತೆಗೆ ನೀರು ಕುಡಿಸುವವರು ಯಾರೂ ಇರುವುದಿಲ್ಲ.